ಕಂಡಕ್ಟರ್ ಪಾರೀಸಣ್ಣನ ಕೊರಿಯಾ

ಪಾರೀಸಣ್ಣನವರು ಮೂವತ್ತನಾಲ್ಕು ವರ್ಷ ಬಸ್ ಕಂಡಕ್ಟರ್ ಆಗಿದ್ದರು. ಅದರಲ್ಲಿ ಇಪ್ಪತ್ತೊಂಬತ್ತು ವರ್ಷ ಒಂದೇ ದಾರಿ. ಬೆಳಗಾವಿಯಿಂದ ಖಾನಾಪುರ, ಅಲ್ಲಿಂದ ಜಾಂಬೋಟಿ, ಮತ್ತೆ ವಾಪಸ್. ನಾನು ಖಾನಾಪುರದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಷ್ಟು ಕಾಲವೂ ಅವರ ಬಸ್ಸಿನಲ್ಲೇ ಓಡಾಡಿದವನು. ನನ್ನ ಮನೆಯೂ ಬೆಳಗಾವಿಯ ಶಹಾಪುರದಲ್ಲೇ, ಅವರ ಓಣಿಯ ಹಿಂದಿನ ಓಣಿ. ಹೀಗಾಗಿ ಅವರ ಬಸ್ಸಿನ ದಿನಗಳನ್ನೂ ನೋಡಿದೆ, ಕೊರಿಯಾದ ದಿನಗಳನ್ನೂ ನೋಡಿದೆ.

ಬಸ್ಸಿನಲ್ಲಿ ಅವರ ಕಣ್ಣು ಬಹಳ ಚುರುಕು. ಹತ್ತುವವರ ಮುಖ ನೋಡಿಯೇ ಯಾರು ಸೀಟಿಗೆ ಜಗಳ ತೆಗೆಯುತ್ತಾರೆ, ಯಾರು ದೇಸೂರಿಗೆ ಟಿಕೆಟ್ ತೆಗೆದು ಅದರಾಚೆಯ ಗಣೇಬೈಲದಲ್ಲಿ ಇಳಿಯುತ್ತಾರೆ ಎಂದು ಹೇಳಿಬಿಡುತ್ತಿದ್ದರು. ಬೆಳಿಗ್ಗೆಯಿಂದ ಸಂಜೆವರೆಗೆ ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಒದರಿ ಒದರಿ ಗಂಟಲು ಹರಿದುಹೋಗಿರುತ್ತಿತ್ತು. ಮನೆಗೆ ಬಂದರೆ ಮಾತ್ರ ಬಾಯಿ ಬಂದ್. ಅವರನ್ನು ಅಣ್ಣ ಎಂದಮೇಲೆ ಅವರ ಹೆಂಡತಿ ಸುಹಾಸಿನಿ ನನಗೆ ವೈನಿ, ಅಂದರೆ ಅತ್ತಿಗೆ. ವೈನಿ ಒಮ್ಮೆ ನಗುತ್ತಲೇ ಹೇಳಿದ್ದರು: "ಪ್ಯಾಸೆಂಜರ್ ಮಂದಿಗೆ ದಿನಾ ಸಾವಿರ ಮಾತು. ನನಗ ಮೂರ. ನೀರು ಕೊಡು, ಊಟಕ್ಕ ಹಾಕು, ದೀಪ ಆರಸು."

ಜೈನರ ಮನೆ ಅದು. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಡ್ಯೂಟಿ ಇದ್ದ ದಿನ ಪಾರೀಸಣ್ಣ ಖಾನಾಪುರ ಸ್ಟ್ಯಾಂಡಿನಲ್ಲೇ ಡಬ್ಬಿ ಬಿಚ್ಚಿ ಉಂಡುಬಿಡುತ್ತಿದ್ದರು. ಅಂದರೆ ಗಂಡ ಹೆಂಡತಿ ಎದುರುಬದುರು ಕೂತು ಉಂಡ ದಿನಗಳೇ ಕಡಿಮೆ. ಮಗ ಅತಿಶಯ ದೊಡ್ಡವನಾಗಿ ಊರಿನ ಬಂಗಲೆಗಳ ಬಡಾವಣೆ ಕ್ಯಾಂಪಿನಲ್ಲಿ ಔಷಧದ ಅಂಗಡಿ ಹಾಕಿದ. ಪಾರೀಸಣ್ಣ ನಿವೃತ್ತರಾದರು. ಆಮೇಲೂ ಆ ಮನೆ ಸುಮ್ಮನೇ ಇತ್ತು. ಜಗಳವಿಲ್ಲ, ಬೇಸರವೂ ಇಲ್ಲ, ಮಾತಿಲ್ಲ ಅಷ್ಟೇ.

ಕೊರಿಯಾದ ಧಾರಾವಾಹಿ ಆ ಮನೆಗೆ ತಂದವಳು ಅಲಿಶಾ. ಬಾಜೂ ಮನೆಯ ನೂರಜಹಾನರ ಮಗಳು, ಬಿ.ಕಾಂ. ಓದುತ್ತಿದ್ದಾಳೆ. ಸಂಜೆ ವೈನಿಯ ಹತ್ತಿರ ಬಂದು ಹರಟೆ ಹೊಡೆಯುವ ಹುಡುಗಿ. ಒಂದು ದಿನ ತನ್ನ ಮೊಬೈಲಿನಲ್ಲಿ ತೋರಿಸಿದಳು, ಮರುದಿನ ವೈನಿಯ ಮೊಬೈಲಿಗೇ ಹಾಕಿಕೊಟ್ಟಳು. ಮಾತೆಲ್ಲ ಕೊರಿಯಾದ್ದು, ಕೆಳಗೆ ಹಿಂದಿಯಲ್ಲಿ ಸಾಲು ಬರುತ್ತಿತ್ತು. ಮರಾಠಿ ಬಲ್ಲ ವೈನಿಗೆ ಅದನ್ನು ಓದುವುದು ಕಷ್ಟವಿರಲಿಲ್ಲ. ಕಷ್ಟವಾದದ್ದು ಕಣ್ಣಿನದು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಏಳನೇ ಕಂತು ಮುಗಿಯುವ ಹೊತ್ತಿಗೆ ಅಕ್ಷರ ಕಲಸಿಕೊಂಡು ಹೋದವು. ಡಾಕ್ಟರು ಒಂದಾದ ಮೇಲೊಂದು ಎರಡೂ ಕಣ್ಣಿಗೆ ಆಪರೇಶನ್ ಮಾಡಿದರು. ತಿಂಗಳೊಪ್ಪತ್ತು ಮೊಬೈಲ್ ಮುಟ್ಟಬೇಡಿ ಎಂದರು.

ಎರಡು ದಿನ ವೈನಿ ಕಪ್ಪು ಕನ್ನಡಕ ಹಾಕಿಕೊಂಡು ಜೋಕಾಲಿ ಮೇಲೆ ಸುಮ್ಮನೆ ಕೂತಿದ್ದರು. ಮೂರನೇ ದಿನ ಗಂಡನನ್ನು ಕರೆದರು.

"ರೀ, ನನಗೊಂದು ಕೆಲಸ ಮಾಡಿ ಕೊಡ್ತೀರೇನು?"

"ಏನು?"

"ಎಂಟನೇದ್ದು ನೋಡಿ ಹೇಳ್ರಿ. ಆ ಹುಡುಗಿ ಆಸ್ಪತ್ರಿ ಬಾಗಲದಾಗ ನಿಂತಿದ್ದಳು. ಒಳಗ ಹೋದಳೋ ಇಲ್ಲೋ?"

ಪಾರೀಸಣ್ಣ ಆವರೆಗೆ ಮೊಬೈಲಿನಲ್ಲಿ ನೋಡುತ್ತಿದ್ದದ್ದು ಹವಾಮಾನ ಒಂದೇ. ಹೆಂಡತಿ ಏನೂ ಕೇಳದವಳು, ಕೇಳಿದ್ದಾಳಲ್ಲ ಎಂದು ಎದುರಿಗೆ ಕೂತರು. ಕೆಳಗಿನ ಸಾಲನ್ನು ಓದತೊಡಗಿದರು. ಐದು ನಿಮಿಷಕ್ಕೆ ವೈನಿ ಕೈ ಎತ್ತಿ ನಿಲ್ಲಿಸಿದರು.

"ಸ್ಟಾಪಿನ ಹೆಸರು ಒದರಿದಂಗ ಒದರಬ್ಯಾಡ್ರಿ. ಯಾರು ಅಂದ್ರು, ಯಾರಿಗೆ ಅಂದ್ರು ತಿಳೀವಲ್ದು. ಮೊದಲ ನೀವು ನೋಡ್ರಿ. ಆಮ್ಯಾಲ ಕಥಿ ಹೇಳ್ರಿ."

ಹಾಗೆ ಸುರುವಾಯಿತು. ಬೆಳಿಗ್ಗೆ ಬಸದಿಗೆ ಹೋಗಿಬಂದು, ನಾಷ್ಟಾ ಮುಗಿಸಿ, ಪಾರೀಸಣ್ಣ ಮಾಳಿಗೆ ಮೇಲೆ ನೆರಳಿಗೆ ಕೂತು ಅರ್ಧರ್ಧ ಕಂತು ನೋಡುವುದು. ಮಧ್ಯಾಹ್ನ ಊಟವಾದಮೇಲೆ ಹೆಂಡತಿಗೆ ಹೇಳುವುದು. ಮೊದಲೆರಡು ದಿನ ಹತ್ತು ನಿಮಿಷಕ್ಕೆ ಮುಗಿಯಿತು. ಎಂಟನೇ ದಿನಕ್ಕೆ ಒಂದೂವರೆ ತಾಸು ಹಿಡಿಯಿತು. ಊಟಕ್ಕೆ ಬಂದ ಅತಿಶಯ ಅಂಗಡಿಗೆ ಹೋಗುವುದನ್ನು ಮರೆತು ಬಾಗಿಲಿಗೆ ಒರಗಿ ನಿಲ್ಲತೊಡಗಿದ. ನೂರಜಹಾನರು ಗೋಡೆಯಾಚೆ ಬಟ್ಟೆ ಒಣಗಹಾಕುವ ನೆಪದಲ್ಲಿ ನಿಂತರು. ಕಡೆಗೆ ನೆಪ ಬಿಟ್ಟು ಒಳಗೇ ಬಂದು ಕೂತರು. ರವಿವಾರ ನಾನೂ ಹೋಗುತ್ತಿದ್ದೆ.

ಕೊರಿಯಾದವರ ಹೆಸರು ಪಾರೀಸಣ್ಣನ ನಾಲಿಗೆಗೆ ಹೊರಳಲಿಲ್ಲ. ಬಸ್ಸಿನಲ್ಲಿ ಪ್ರಯಾಣಿಕರಿಗೆ ಹೆಸರಿಡುತ್ತಿದ್ದಂತೆ ಇವರಿಗೂ ಇಟ್ಟರು. ಬೇಕರಿಯಲ್ಲಿ ಬ್ರೆಡ್ ಮಾಡುವ ಬಡ ಹುಡುಗಿ ನಾಯಕಿ. ಬಸ್ ಪಾಸಿನ ಕಾಲೇಜು ಹುಡುಗಿಯರಂತೆ ಬೆನ್ನಿಗೆ ಚೀಲ, ಸದಾ ಅವಸರ. ಅವಳು ಪಾಸಿನ ಹುಡುಗಿ. ದೊಡ್ಡ ಕಂಪನಿ ಮಾಲೀಕನ ಮಗ ನಾಯಕ. ಬಂಗಲೆ, ಕಾರು, ಮುಖದ ಮೇಲೆ ಸಿಟ್ಟು. ಅವನು ಕ್ಯಾಂಪಿನ ಹುಡುಗ. ದಿನಾ ಬೆಳಿಗ್ಗೆ ಬೇಕರಿಗೆ ಹಾಲು ಹಾಕುವ, ಹುಡುಗಿಯನ್ನು ಮನಸ್ಸಿನಲ್ಲೇ ಇಷ್ಟಪಡುವ, ಬಾಯಿಬಿಟ್ಟು ಹೇಳದ ಇನ್ನೊಬ್ಬನಿದ್ದ. ಅವನು ಖಾನಾಪುರದಾಂವ.

"ಯಾಕ ಖಾನಾಪುರದಾಂವ?" ಎಂದು ನಾನು ಕೇಳಿದೆ.

"ಸರ, ನೀವು ನೋಡೀರಲ್ಲ. ಖಾನಾಪುರದ ಮಂದಿ ತಮ್ಮ ಸೀಟು ಬಿಟ್ಟು ಕೊಡ್ತಾರ. ಆಮ್ಯಾಲ ಊರತನಕ ನಿಂತ ಹೋಗ್ತಾರ. ಒಂದು ಮಾತು ಆಡೂದಿಲ್ಲ," ಎಂದರು.

ಕಥೆಗಿಂತ ನಮಗೆ ಅವರ ಅಭಿಪ್ರಾಯಗಳೇ ರುಚಿ. ಎಲ್ಲಕ್ಕಿಂತ ದೊಡ್ಡ ತಕರಾರು ಬಸ್ಸಿನದು. ಅಲ್ಲಿ ಬಸ್ಸು ಬಹಳ. ಬೇಕೆಂದಾಗ ಹುಡುಗ ಹುಡುಗಿ ಬಸ್ ಹತ್ತುತ್ತಾರೆ, ನಿದ್ದೆ ಬಂದು ಒಬ್ಬರ ಹೆಗಲ ಮೇಲೆ ಒಬ್ಬರು ತಲೆ ಇಡುತ್ತಾರೆ. "ಕಾರ್ಡು ತೋರಸ್ತಾರ, ಕುಂದರ್ತಾರ. ಅಷ್ಟು ದೊಡ್ಡ ಬಸ್ಸಿನ್ಯಾಗ ಕಂಡಕ್ಟರನೇ ಇಲ್ಲ! ಅಂವ ಇದ್ದಿದ್ರ ಈ ಕಥಿ ಹಿಂಗ ಹಾಳಾಗ್ತಿದ್ದಿಲ್ಲ. ಸ್ಟಾಪ್ ಬಂತವ್ವಾ, ಏಳು ಅಂತಿದ್ದ. ನಿದ್ದಿಗಣ್ಣಾಗ ಮುಂದಿನ ಸ್ಟಾಪಿನ್ಯಾಗ ಇಳದು, ಮಳ್ಯಾಗ ತೊಯಿಸಿಕೊಂಡು, ಜ್ವರ ಬಂದು, ಅದಕ್ಕ ಎರಡು ಎಪಿಸೋಡು."

ಎರಡನೆಯದು ಊಟ. ಅಲ್ಲಿ ಹತ್ತು ನಿಮಿಷಕ್ಕೊಮ್ಮೆ ಯಾರಾದರೂ ಉಣ್ಣಲು ಕೂರುತ್ತಾರೆ. ಹಂದಿ, ಮೀನು, ಕಾಲಾಡಿಸುವ ಸಮುದ್ರದ ಪ್ರಾಣಿ. ಪಾರೀಸಣ್ಣ ಕೂಡಲೇ ಮೊಬೈಲನ್ನು ಬೋರಲು ಹಾಕಿ ಇಪ್ಪತ್ತು ಎಣಿಸಿ ಮತ್ತೆ ಎತ್ತುತ್ತಿದ್ದರು. "ಆ ಮಂದಿ ಒಂದು ಸಲನೂ ಹೊತ್ತು ಮುಳಗೂದರಾಗ ಉಂಡದ್ದು ನಾ ನೋಡಿಲ್ಲ. ಆಮ್ಯಾಲ ಹೊಟ್ಟಿ ಹಿಡಕೊಂಡು ಆಸ್ಪತ್ರಿಗೆ ಹೋಗ್ತಾರ."

ಮೂರನೆಯದು ಭಾಷೆ. ಅಲ್ಲಿಯ ಮಕ್ಕಳು ಅಪ್ಪನಿಗೆ ಅಪ್ಪಾ ಎಂದೇ ಕೂಗುವುದನ್ನು ಕೇಳಿ ಅವರಿಗೆ ರೋಮಾಂಚನವಾಗಿತ್ತು. ಆ ದಿನ ನಮ್ಮ ಮನೆಗೇ ಬಂದು ಹೇಳಿಹೋದರು. ಆದರೆ ಪಾಸಿನ ಹುಡುಗಿ ಕ್ಯಾಂಪಿನ ಹುಡುಗನನ್ನು ಅಣ್ಣ ಎಂಬ ಅರ್ಥದ ಮಾತಿನಿಂದ ಕರೆದಾಗ ಗಾಬರಿಯಾದರು. "ಅಣ್ಣ ಅಂತಾಳ, ಮತ್ತ ಅಂವನ್ನ ಲಗ್ನಾನೂ ಆಗಾಕಿ ಅಂತಾಳ. ಅಲಿಶಾ, ಇದೇನು ಬೇ?" ಅಲಿಶಾ ನಕ್ಕು ನಕ್ಕು ಅಲ್ಲಿ ಪ್ರೀತಿಸುವವನನ್ನೂ ಹಾಗೇ ಕರೆಯುವ ಪದ್ಧತಿ ವಿವರಿಸಿದಳು. ಪಾರೀಸಣ್ಣ ಒಪ್ಪಲಿಲ್ಲ.

ಇನ್ನೊಂದು ಬಿಳಿ ಟ್ರಕ್ಕು. ಕಥೆ ಸುಖವಾಗಿ ಹೋಗುತ್ತಿದೆ ಅನ್ನುವಾಗ ಎಲ್ಲಿಂದಲೋ ಒಂದು ಬಿಳಿ ಟ್ರಕ್ಕು ಬಂದು ಯಾರಿಗಾದರೂ ಬಡಿಯುತ್ತದೆ. "ಒಂದ ಡ್ರೈವರ ಇರಬೇಕು ಅಂವ. ಎಲ್ಲಾ ಸೀರಿಯಲ್ಲಿನ್ಯಾಗೂ ಅಂವನ ಅಂತ ಅಲಿಶಾ ಹೇಳ್ತಾಳ. ಅಂವನ ಲೈಸೆನ್ಸ್ ರದ್ದು ಮಾಡಿದ್ರ ಅರ್ಧಾ ಕೊರಿಯಾ ನಗನಗತಾ ಇರ್ತದ."

ಕ್ಯಾಂಪಿನ ಹುಡುಗ ಸಿಟ್ಟಿನಲ್ಲಿ ನಾಯಕಿಯ ಮುಂಗೈ ಹಿಡಿದು ಎಳೆದುಕೊಂಡು ಹೋದದ್ದನ್ನು ಹೇಳುವ ದಿನ ಮಾತ್ರ ಅವರು ನಗಿಸಲಿಲ್ಲ. "ಇದನ್ನ ಪ್ರೀತಿ ಅಂತ ತೋರಸ್ತಾರ. ನನ್ನ ಬಸ್ಸಿನ್ಯಾಗ ಯಾರರ ಹುಡುಗಿ ಕೈ ಹಿಂಗ ಜಗ್ಗಿದ್ರ ಸೀಟಿ ಊದಿ ಅಲ್ಲೇ ಇಳಿಸ್ತಿದ್ದೆ. ಅಕಿಗೆ ಬರೂದು ಐತೋ ಇಲ್ಲೋ, ಒಂದು ಮಾತು ಕೇಳಬೇಕೋ ಬ್ಯಾಡೋ?"

ವೈನಿ ಜೋಕಾಲಿ ನಿಲ್ಲಿಸಿ ಗಂಡನ ಕಡೆ ಮುಖ ತಿರುಗಿಸಿದ್ದು ನನಗೆ ನೆನಪಿದೆ.

ವೈನಿ ಸುಮ್ಮನೆ ಕೇಳುವವರೂ ಆಗಿರಲಿಲ್ಲ. ಕ್ಯಾಂಪಿನ ಹುಡುಗನ ತಾಯಿ ಹೋಟೆಲಿನಲ್ಲಿ ನಾಯಕಿಯ ಮುಖಕ್ಕೆ ಗ್ಲಾಸಿನ ನೀರು ಎರಚಿದ್ದನ್ನು ಪಾರೀಸಣ್ಣ ಬೈದು ಬೈದು ಹೇಳಿದರೆ, ವೈನಿ ಕೇಳಿದರು: "ಅಕಿ ಗಂಡ ಎಲ್ಲಿದ್ದ?"

"ಅಂವ ಆಫೀಸಿನ್ಯಾಗ ಇದ್ದ."

"ನೋಡ್ರಿ. ಎಪಿಸೋಡ್ ಒಂದರಿಂದ ಅಂವ ಆಫೀಸಿನ್ಯಾಗ ಇದ್ದಾನ. ಅಷ್ಟು ದೊಡ್ಡ ಬಂಗ್ಲೆದಾಗ ಒಬ್ಬಾಕೇ ಕುಂತು ಕುಂತು ಅಕೀ ತಲಿ ಕೆಟ್ಟದ. ನೀರು ಒಗದದ್ದು ತಪ್ಪ. ಆದ್ರ ಅಕೀ ಜೋಡಿ ಮಾತಾಡಾವ್ರು ಒಬ್ಬರರ ಇದ್ದಿದ್ರ ಒಗೀತಿದ್ದಿಲ್ಲ."

ಪಾರೀಸಣ್ಣ ತಲೆ ಕೆರೆದುಕೊಂಡರು. ಈ ನಮೂನೆ ಮಾತು ತಮ್ಮ ಹೆಂಡತಿಯಲ್ಲಿದೆ ಎಂಬುದೇ ಅವರಿಗೆ ಹೊಸ ಸುದ್ದಿ. ಒಂದು ಸಂಜೆ ಭಾಜಿ ತರಲು ಹೊರಟಾಗ ದಾರಿಯಲ್ಲಿ ನನಗೆ ಹೇಳಿದರು: "ಸರ, ಅಕಿ ಭಾಳ ಶ್ಯಾಣ್ಯಾಕಿ ಅದಾಳ. ನಾ ಅಂದಕೊಂಡದ್ದಕ್ಕಿಂತ ಭಾಳ." ಮದುವೆಯಾಗಿ ಮೂವತ್ತೆರಡು ವರ್ಷವಾದ ಗಂಡಸು ಹೊಸ ಮದುಮಗನ ಹಾಗೆ ನಾಚಿಕೊಂಡು ಹೇಳಿದ ಮಾತು ಅದು.

ಹದಿನಾರನೆಯದು ಕೊನೆಯ ಕಂತು. ಅದನ್ನು ನೋಡಿ ಪಾರೀಸಣ್ಣ ಮಾಳಿಗೆಯಿಂದ ಇಳಿಯಲು ಬಹಳ ಹೊತ್ತು ಮಾಡಿದರು. ಇಳಿದು ಬಂದು ಹೇಳಿದ ಕಥೆ ಹೀಗಿತ್ತು. ಪಾಸಿನ ಹುಡುಗಿಗೆ ಕೊನೆಗೂ ಬುದ್ಧಿ ಬಂತು. ಕ್ಯಾಂಪಿನ ಹುಡುಗನಿಗೆ ಕೈಮುಗಿದು ನಿನ್ನ ದಾರಿ ನಿನಗೆ ಎಂದಳು. ಖಾನಾಪುರದಾಂವ ಬಾಯಿಬಿಟ್ಟು ಮನಸ್ಸಿನ ಮಾತು ಹೇಳಿದ. ಇಬ್ಬರ ಲಗ್ನವಾಯಿತು. ಹಾಲಿನ ಅಂಗಡಿ ಬಾಜೂಕೆ ಬೇಕರಿ ಹಾಕಿದರು. ನೂರಜಹಾನರು ಕಣ್ಣೊರೆಸಿಕೊಂಡು ಶುಕ್ರ್ ಹೈ, ದೇವರ ದಯೆ ಎಂದರು. ವೈನಿ "ಛಲೋ ಆತು" ಎಂದರು. ಆದರೆ ಜೋಕಾಲಿ ಜೀಕುತ್ತ ಕೇಳಿದರು: "ಬ್ರೆಡ್ ಕಲಿಯಾಕ ದೊಡ್ಡ ಸಾಲಿಗೆ ಅರ್ಜಿ ಹಾಕಿದ್ದಳಲ್ಲ. ಅದರದೇನಾತು?"

"ಅದು ಬರಲಿಲ್ಲಂತ," ಎಂದರು ಪಾರೀಸಣ್ಣ.

ಮೂರು ವಾರ ಕಳೆಯಿತು. ವೈನಿಗೆ ಹೊಸ ಕನ್ನಡಕ ಬಂತು, ಡಾಕ್ಟರು ಮೊಬೈಲ್ ನೋಡಲು ಪರವಾನಗಿ ಕೊಟ್ಟರು. ಅಲಿಶಾ ಬಂದವಳು ಖುಷಿಯಿಂದ ಹೇಳಿದಳು: "ಕಾಕು, ಈಗ ಲಾಸ್ಟ್ ಎಪಿಸೋಡ್ ನೀವ ಒಮ್ಮೆ ನೋಡ್ರಿ. ಪತ್ರ ಬಂದಾಗ ಅಕಿ ಓಡೂದು ನೋಡಬೇಕ್ರಿ. ನಾ ಭಾಳ ಅತ್ತೀನಿ."

"ಯಾವ ಪತ್ರ?" ಎಂದರು ವೈನಿ.

ತಾನೇನೋ ತಪ್ಪು ಹೇಳಿದೆ ಅನ್ನಿಸಿ ಅಲಿಶಾ ಮನೆಗೆ ಹೋಗಿಬಿಟ್ಟಳು. ವೈನಿ ಕೂತು ಕಂತನ್ನು ಪೂರ್ತಿ ನೋಡಿದರು. ಪಾರೀಸಣ್ಣ ಹೇಳಿದ್ದು ಅದರಲ್ಲಿ ಒಂದೂ ಇರಲಿಲ್ಲ. ಪಾಸಿನ ಹುಡುಗಿಗೆ ದೂರದ ಊರಿನ ಶಾಲೆಯಿಂದ ಪತ್ರ ಬರುತ್ತದೆ. ಎರಡು ವರ್ಷದ ಓದು. ಅವಳು ಇಬ್ಬರು ಹುಡುಗರಿಗೂ ಹೇಳಿ, ಚೀಲ ಬೆನ್ನಿಗೇರಿಸಿ ಹೊರಡುತ್ತಾಳೆ. ಕ್ಯಾಂಪಿನ ಹುಡುಗ ಕಾಯುತ್ತೇನೆ ಎನ್ನುತ್ತಾನೆ. ಖಾನಾಪುರದಾಂವ ಅವಳ ಚೀಲವನ್ನು ಬಸ್ಸಿಗೆ ಇಟ್ಟುಕೊಟ್ಟು ಒಬ್ಬನೇ ನಡೆದು ವಾಪಸಾಗುತ್ತಾನೆ.

ಮುಂದಿನದನ್ನು ನನಗೆ ಇಬ್ಬರೂ ಬೇರೆಬೇರೆಯಾಗಿ ಹೇಳಿದ್ದಾರೆ. ಇಬ್ಬರ ಮಾತೂ ಒಂದೇ ಇದೆ.

ಪಾರೀಸಣ್ಣ ಬಸದಿಯಿಂದ ಬಂದಾಗ ವೈನಿ ಮೊಬೈಲನ್ನು ಅವರ ಮುಂದೆ ಇಟ್ಟರು. "ಪತ್ರ ಬಂದಿತ್ತಲ್ರಿ."

ಪಾರೀಸಣ್ಣ ನಕ್ಕು ಹಾರಿಸಲು ನೋಡಿದರು. "ಆ ಖಾನಾಪುರದಾಂವನ ಮಾರಿ ನೋಡಿ ನನಗ ತಡೀಲಿಲ್ಲ. ಅಷ್ಟು ಛಲೋ ಹುಡುಗ. ಒಬ್ಬನ ನಡಕೊಂಡು ಹೋದ. ನಿನಗೂ ತ್ರಾಸ ಆಗ್ತದ ಅಂತ ಸ್ವಲ್ಪ ತಿರುಗಿಸಿ ಹೇಳಿದೆ. ಕಥಿ ಅಲ್ಲೇನು, ಹೋಗ್ಲಿ ಬಿಡು."

"ಅಂವನ್ನ ನೋಡಿದ್ರಿ. ಅಕೀನ್ನ ನೋಡಲಿಲ್ಲ," ಎಂದರು ವೈನಿ. "ಅಕಿಗೆ ಬಂದ ಪತ್ರ ನುಂಗಿದ್ರಿ. ಇದು ಎರಡನೇ ಸಲ."

"ಎರಡನೇ ಸಲ ಅಂದ್ರ?"

"ಜಾಂಬೋಟಿ ಸಾಲಿ ಕಾರ್ಡು."

ಪಾರೀಸಣ್ಣನ ಕೈ ಅಂಗಿಯ ಕಿಸೆಗೆ ಹೋಯಿತು.

ಸಾವಿರದ ಒಂಬೈನೂರ ತೊಂಬತ್ತಾರರ ಮಾತು. ವೈನಿ ಮದುವೆಗೆ ಮೊದಲೇ ಶಿಕ್ಷಕಿಯ ತರಬೇತಿ ಮುಗಿಸಿದ್ದವರು. ಜಾಂಬೋಟಿ ಹತ್ತಿರದ ಒಂದು ಕನ್ನಡ ಶಾಲೆಗೆ ಅರ್ಜಿ ಹಾಕಿದ್ದರು. ಗಂಡನ ಬಸ್ಸು ಹೋಗುವ ದಾರಿಯೇ ಆದ್ದರಿಂದ ಶಾಲೆಯವರು ಸಂದರ್ಶನದ ಕಾರ್ಡು ಕಳಿಸಿದ್ದಾರಾ ಎಂದು ಅವರನ್ನೇ ಕೇಳುತ್ತಿದ್ದರು. ಕಾರ್ಡು ಬಂತು. ಓಣಿಯ ತುದಿಯಲ್ಲಿ ಪೋಸ್ಟಿನವರು ಪಾರೀಸಣ್ಣನ ಕೈಗೇ ಕೊಟ್ಟರು. ಮನೆಯಲ್ಲಿ ಎರಡು ವರ್ಷದ ಅತಿಶಯ, ಹಾಸಿಗೆ ಹಿಡಿದ ತಾಯಿ. ಜಾಂಬೋಟಿಯ ಮಳೆ ಎಂಥದೆಂದು ದಿನಾ ನೋಡುವವರು. ರಸ್ತೆ ಕಡಿದರೆ ಎರಡೆರಡು ದಿನ ಬಸ್ಸಿಲ್ಲ. ಬೇಡವೆಂದು ಹೇಳಿದರೆ ಅವಳು ಅಳುತ್ತಾಳೆ, ಹೋಗು ಎನ್ನಲು ಮನಸ್ಸಿಲ್ಲ. ಖಾಕಿ ಅಂಗಿಯ ಒಳಕಿಸೆಗೆ ಕಾರ್ಡು ಇಟ್ಟುಕೊಂಡರು. ನಾಳೆ ಹೇಳಿದರಾಯಿತು, ನಾಳೆ ಹೇಳಿದರಾಯಿತು ಎನ್ನುತ್ತ ದಿನ ಕಳೆಯಿತು. ತಾರೀಖು ಮುಗಿಯಿತು. ಆಮೇಲೆ ಒಮ್ಮೆ ವೈನಿ ಕೇಳಿದಾಗ "ಬರಲಿಲ್ಲಂತ" ಎಂದರು. ಕಿಸೆಯ ಕಾರ್ಡನ್ನು ಮರೆತೇಬಿಟ್ಟರು.

"ಅಂಗಿ ಒಗಿಯೂವಾಗ ಸಿಕ್ಕಿತು," ಎಂದರು ವೈನಿ. "ಒಲಿ ಬಾಜೂಕ ಒಣಗಿಸಿ ಓದಿದೆ. ತಾರೀಖು ಮುಗದು ಎಂಟು ದಿನ ಆಗಿತ್ತು. ಆಮ್ಯಾಲ ಅದ ಒಲಿಗೆ ಹಾಕಿದೆ."

"ಇಷ್ಟು ವರ್ಷ... ಆಗ ಯಾಕ ಕೇಳಲಿಲ್ಲ ನೀ?"

"ಯಾವಾಗ ಕೇಳಲಿ? ನೀವು ಮನ್ಯಾಗ ಮಾತಾಡ್ತಿದ್ದಿರೇನು?" ವೈನಿಯ ದನಿ ಏರಲಿಲ್ಲ. "ಈಗ ಒಂದೂವರೆ ತಿಂಗಳಾತು ದಿನಾ ಮಾತಾಡಾಕ ಹತ್ತೀರಿ. ನನಗ ಖುಷಿ ಆಗಿತ್ತು. ಅದಕ್ಕ ಇವತ್ತು ಸಿಟ್ಟೂ ಬಂತು."

ಮೂರು ದಿನ ಆ ಮನೆ ಮತ್ತೆ ಹಿಂದಿನಂತಾಯಿತು. ಪಾರೀಸಣ್ಣ ಬಸದಿಗೆ ಹೋಗಿ ಹೊತ್ತೇರುವವರೆಗೂ ಬರುತ್ತಿರಲಿಲ್ಲ. ಒಂದು ದಿನ ನನಗೆ ಸಿಕ್ಕಾಗ ಮುಖ ಸೊರಗಿತ್ತು. "ಸರ, ಆ ಸೀರಿಯಲ್ ಮಂದೀನ್ನ ನಾ ದಿನಾ ಬೈತಿದ್ದೆ," ಎಂದರು. "ಒಬ್ಬರಿಗೊಬ್ಬರು ಒಂದು ಮಾತು ಕೇಳಿದ್ರ ಎರಡನೇ ಎಪಿಸೋಡಿಗೆ ಕಥಿ ಮುಗೀತದಲ್ಲ, ಎಂಥಾ ಶ್ಯಾಣ್ಯಾತನ ಇಲ್ಲದ ಮಂದಿ ಅಂತ. ನಾ ಇಪ್ಪತ್ತೆಂಟು ವರ್ಷ ಕೇಳಿಲ್ಲ ನೋಡ್ರಿ."

ನಾಲ್ಕನೇ ದಿನ ಅವರು ಮಾಳಿಗೆ ಹತ್ತಿ ಕೊನೆಯ ಕಂತನ್ನು ಮತ್ತೆ ನೋಡಿದರು. ಮಧ್ಯಾಹ್ನ ಊಟವಾದ ಮೇಲೆ ಹೆಂಡತಿಯ ಜೋಕಾಲಿಯ ಎದುರು ನೆಲದ ಮೇಲೆ ಚಾಪೆ ಹಾಸಿಕೊಂಡು ಕೂತರು. ಕೇಳುವವರು ಬೇರೆ ಯಾರೂ ಇರಲಿಲ್ಲ.

"ಹದಿನಾರನೇದ್ದು ಹೇಳ್ತೀನಿ," ಎಂದರು.

"ನಾ ನೋಡೀನಲ್ಲ."

"ನೋಡಿದ್ರೂ ಹೇಳ್ತೀನಿ. ಕೇಳು."

ಒಂದು ಮಾತನ್ನೂ ಬಿಡದೆ ಹೇಳಿದರು. ಬೇಕರಿಯ ಬಾಗಿಲಿಗೆ ಪೋಸ್ಟಿನವನು ಬಂದದ್ದು, ಹುಡುಗಿ ಹಿಟ್ಟಿನ ಕೈಯಲ್ಲೇ ಪತ್ರ ಒಡೆದದ್ದು, ಓದಿ ರಸ್ತೆಯುದ್ದಕ್ಕೂ ಓಡಿದ್ದು. ಅವಳು ಬಸ್ಸಿನ ಕಿಟಕಿಯಲ್ಲಿ ಕೂತು ಅಳುತ್ತ ನಕ್ಕದ್ದು. ಅಲ್ಲಿಗೆ ಕೊರಿಯಾದ ಕಥೆ ಮುಗಿಯಿತು. ಆಮೇಲೆ ಅದೇ ಕಥೆಯ ದನಿಯಲ್ಲಿ ಮುಂದುವರಿಸಿದರು. "ಇನ್ನೊಬ್ಬಾಕಿ ಇದ್ದಳು. ಅಕಿಗೂ ಪತ್ರ ಬಂದಿತ್ತು. ಅಕಿ ಗಂಡ ಅದನ್ನ ಕಿಸೇದಾಗ ಇಟಗೊಂಡ. ಮಳಿ ಅಂತ ಇಟಗೊಂಡೆ, ಕೂಸು ಅಂತ ಇಟಗೊಂಡೆ ಅಂತ ತನಗ ತಾನ ಹೇಳಿಕೊಂಡ. ಖರೇ ಅಂದ್ರ, ಅಕಿ ದುಡಿಯಾಕ ಹೋದ್ರ ಮನ್ಯಾಗ ತನಗ ನೀರು ಕೊಡಾವ್ರು ಯಾರು ಅಂತ..." ತಲೆ ತಗ್ಗಿಸಿ ಕೂತರು. ಕೊರಿಯಾದ ಗಂಡಸರು ಮಾತುಮಾತಿಗೆ ಅಳುತ್ತಾರೆ ಎಂದು ಚೇಷ್ಟೆ ಮಾಡಿದ್ದ ಮನುಷ್ಯನ ಅಂಗಿಯ ಎದೆ ತೊಯ್ದಿತ್ತು.

ವೈನಿ ಜೋಕಾಲಿಯಿಂದ ಇಳಿದು ಚಾಪೆಯ ಮೇಲೆ ಅವರ ಬಾಜೂಕೆ ಕೂತರು. ಆಮೇಲೆ ವೈನಿಯೇ ಅಂದರು:

"ಆ ಸಾಲಿ ಈಗೂ ಐತೇನು?"

"ಐತಿ. ಮೊನ್ನೆ ರಿಟೈರ್ ಆಗೂತನಕ ದಿನಾ ನೋಡೀನಿ. ರಸ್ತೆ ಬಾಜೂಕ ಐತಿ."

"ನನಗ ತೋರಸ್ರಿ."

ಶ್ರಾವಣದ ಒಂದು ಬುಧವಾರ ಇಬ್ಬರೂ ಹೊರಟರು. ಆಗ ಇನ್ನೊಂದು ವಿಷಯ ತಿಳಿಯಿತು. ಇಪ್ಪತ್ತೊಂಬತ್ತು ವರ್ಷ ಗಂಡ ಓಡಾಡಿದ ಆ ದಾರಿಯಲ್ಲಿ ವೈನಿ ಒಂದು ಸಲವೂ ಬಂದಿರಲಿಲ್ಲ. ಖಾನಾಪುರದವರೆಗೆ ಒಮ್ಮೆ ಯಾರದೋ ಲಗ್ನಕ್ಕೆ ಹೋದದ್ದು, ಅದೂ ರೈಲಿನಲ್ಲಿ. ಬಸ್ಸಿನ ಕಂಡಕ್ಟರ್ ಗುರುಪುತ್ರಪ್ಪ ಪಾರೀಸಣ್ಣನ ಕೈಕೆಳಗೆ ಕೆಲಸ ಕಲಿತವನು. "ಬರ್ರಿ ಅಣ್ಣಾ, ಬರ್ರಿ ವೈನೀ, ಇಲ್ಲಿ ಕುಂದರ್ರಿ," ಎಂದು ಕಿಟಕಿಯ ಸೀಟು ಬಿಡಿಸಿಕೊಟ್ಟ. ಪಾರೀಸಣ್ಣ ದಾರಿಯುದ್ದಕ್ಕೂ ತೋರಿಸಿದರು. ಮಚ್ಛೆ ಇದು, ಇಲ್ಲಿ ಕಾರಖಾನೆ ಮಂದಿ ಇಳಿಯುತ್ತಾರೆ. ಇದು ದೇಸೂರು. ಇಲ್ಲಿ ಒಬ್ಬಾಕೆ ಬಸ್ಸಿನಲ್ಲೇ ಹಡೆದಳು, ನಾನು ಮತ್ತು ಡ್ರೈವರು ಕೆಳಗಿಳಿದು ನಿಂತಿದ್ದೆವು. ಇದು ಖಾನಾಪುರ ಸ್ಟ್ಯಾಂಡು, ಆ ಕಂಬದ ಹತ್ತಿರ ಕೂತು ನೀ ಕಟ್ಟಿದ ಡಬ್ಬಿ ಉಣ್ಣುತ್ತಿದ್ದೆ. ವೈನಿ ಎಲ್ಲದಕ್ಕೂ ಮರುಪ್ರಶ್ನೆ ಕೇಳಿದರು. ಹಡೆದವಳಿಗೆ ಗಂಡೋ ಹೆಣ್ಣೋ? ಡಬ್ಬಿಯಲ್ಲಿ ಯಾವುದು ಇಷ್ಟವಾಗುತ್ತಿತ್ತು? ಮಲಪ್ರಭೆ ದಾಟಿ ಮುಂದೆ ಹೋದಂತೆ ಮಳೆ ಹಿಡಿಯಿತು. ಗದ್ದೆಗಳಲ್ಲಿ ನಾಟಿ ಮುಗಿದು ಹಸಿರು ನಿಂತಿತ್ತು.

ಶಾಲೆ ಚಿಕ್ಕದು. ಹೆಂಚಿನ ಮಾಡು, ಎರಡು ಕೋಣೆ, ಹದಿಮೂರು ಮಕ್ಕಳು. ಒಬ್ಬರೇ ಶಿಕ್ಷಕರು, ಗಜಾನನ ಸರ್. ಅವರು ಐದೂ ತರಗತಿಯನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಮೇಲಿನ ಆಫೀಸಿಗೆ ಕಳಿಸಬೇಕಾದ ಮಾಹಿತಿ ತುಂಬುತ್ತಿದ್ದರು. ಪಾರೀಸಣ್ಣನನ್ನು ನೋಡಿ ಗುರುತು ಹಿಡಿದರು. ಏನು ಬಂದಿರಿ ಎಂದಾಗ ಪಾರೀಸಣ್ಣ ಹೆಂಡತಿಯ ಕಡೆ ನೋಡಿದರು. ವೈನಿಯೇ ಹೇಳಿದರು: "ನಾ ಈ ಸಾಲಿಗೆ ಟೀಚರ್ ಆಗಿ ಬರಬೇಕಿತ್ರಿ. ತಡಾ ಆತು."

ಗಜಾನನ ಸರ್ ಎಷ್ಟು ತಿಳಿದರೋ ಗೊತ್ತಿಲ್ಲ. ತಮ್ಮ ಕುರ್ಚಿ ಸರಿಸಿ, "ಹಂಗಾದ್ರ ಒಂದು ತಾಸು ಈ ಹುಡುಗೂರನ್ನ ಹಿಡೀರಿ ಬಾಯಾರ, ನನ್ನ ಕೆಲಸ ಮುಗೀತದ," ಎಂದರು. ಆ ಕಡೆ ಟೀಚರಮ್ಮನಿಗೆ ಬಾಯಿ ಎನ್ನುತ್ತಾರೆ.

ವೈನಿ ಮಕ್ಕಳ ಮುಂದೆ ನಿಂತರು. ಯಾವ ಪಾಠ ಹೇಳಬೇಕೋ ತಿಳಿಯದೆ ಗೊತ್ತಿದ್ದ ಕಥೆಯನ್ನೇ ಹೇಳಿದರು. ಬಹಳ ದೂರದ ಒಂದು ದೇಶ, ಅಲ್ಲಿ ಬ್ರೆಡ್ ಮಾಡುವ ಒಬ್ಬ ಹುಡುಗಿ. ಪ್ರೀತಿಯ ಗಲಾಟೆಯನ್ನು ಬಿಟ್ಟರು. ಹಿಟ್ಟು, ಒಲೆ, ಹಾಲು, ಶಾಲೆಯ ಪತ್ರ ಉಳಿಯಿತು. ನಾಲ್ಕನೆಯ ತರಗತಿಯ ಸಮೃದ್ಧಿ ಎಂಬ ಹುಡುಗಿ ನಡುವೆ ಎದ್ದು ನಿಂತು ಕೇಳಿದಳು: "ಬಾಯೀ, ಅಕೀ ಊರಿಗೆ ಪತ್ರ ಬರಲಿಲ್ಲಂದಿದ್ರ?"

"ತಾನ ಹೋಗಿ ಕೇಳತಿದ್ದಳು," ಎಂದರು ವೈನಿ. "ಕೇಳಬೇಕು. ನಾ ಕೇಳಲಿಲ್ಲ, ನೀವು ಕೇಳ್ರಿ."

ಹೊರಗೆ ಕಟ್ಟೆಯ ಮೇಲೆ ಕೊಡೆ ಹಿಡಿದು ಕೂತಿದ್ದ ಪಾರೀಸಣ್ಣನಿಗೆ ಅದು ಕೇಳಿಸಿತು.

ಆಮೇಲೆ ಪ್ರತಿ ಬುಧವಾರ ವೈನಿ ಅಲ್ಲಿಗೆ ಹೋಗುವುದು ರೂಢಿಯಾಯಿತು. ಸಂಬಳವಿಲ್ಲ, ಹುದ್ದೆಯಿಲ್ಲ. ಒಂದನೇ ಎರಡನೇ ತರಗತಿಯ ಮಕ್ಕಳಿಗೆ ಕನ್ನಡ ಓದಿಸುತ್ತಾರೆ. ಮನೆಯಲ್ಲಿ ಮರಾಠಿ ಆಡುವ ಮಕ್ಕಳೇ ಹೆಚ್ಚು. ವೈನಿಗೆ ಎರಡೂ ಬರುವುದರಿಂದ ಗಜಾನನ ಸರಿಗೆ ದೊಡ್ಡ ಆಸರೆಯಾಗಿದೆ. ಮೊದಮೊದಲು ಪಾರೀಸಣ್ಣ ಜೊತೆಗೆ ಹೋಗುತ್ತಿದ್ದರು. ಒಂದು ಬುಧವಾರ ಬೆಳಿಗ್ಗೆ ಅಂಗಿ ಹಾಕಿಕೊಳ್ಳುತ್ತಿದ್ದವರು ನಿಂತು ಹೆಂಡತಿಯನ್ನು ಕೇಳಿದರಂತೆ: "ನಾ ಬರಲೋ, ನೀ ಒಬ್ಬಾಕಿ ಹೋಗ್ತೀಯೋ? ನಿನ್ನ ಮನಸ್ಸಿನ್ಯಾಗ ಏನೈತಿ?" ವೈನಿ ಒಬ್ಬಳೇ ಹೋಗುತ್ತೇನೆ ಎಂದರು. ಅಂದಿನಿಂದ ಬುಧವಾರದ ಅಡುಗೆ ಪಾರೀಸಣ್ಣನದು. ಡಬ್ಬಿ ಕಟ್ಟುವುದೂ ಅವರೇ. ಚಪಾತಿ ಯಾವ ದೇಶದ ನಕಾಶೆಯಂತಿದ್ದರೂ ವೈನಿ ಖಾಲಿ ಡಬ್ಬಿಯನ್ನೇ ವಾಪಸ್ ತರುತ್ತಾರೆ.

ಈಗ ಧಾರಾವಾಹಿಯನ್ನು ಇಬ್ಬರೂ ಕೂಡಿ ನೋಡುತ್ತಾರೆ. ಅತಿಶಯ ದೊಡ್ಡ ಟಿವಿಗೆ ಜೋಡಿಸಿಕೊಟ್ಟಿದ್ದಾನೆ. ನೂರಜಹಾನರು, ಅಲಿಶಾ ಬಂದು ಕೂರುತ್ತಾರೆ. ಸದ್ಯ ನಡೆದಿರುವುದು ಒಬ್ಬ ವಿಧವೆಯ ಕಥೆ. ಮೂರು ಮಕ್ಕಳು, ಸಮುದ್ರದ ದಂಡೆಯಲ್ಲಿ ಚಿಕ್ಕ ಖಾನಾವಳಿ. ಆ ಊರಿಗೆ ವರ್ಗವಾಗಿ ಬಂದ ಒಬ್ಬ ಪೊಲೀಸು ಅವಳನ್ನು ಮದುವೆಯಾಗುತ್ತೇನೆ ಎಂದು ಕೇಳಿದ್ದಾನೆ. ಹೋದ ರವಿವಾರ ನಾನು ಹೋದಾಗ ಪಾರೀಸಣ್ಣ ಅವಳು ಒಪ್ಪಿಕೊಳ್ಳಬೇಕು ಎನ್ನುತ್ತಿದ್ದರು. ಪೊಲೀಸಿನವ ನೆಟ್ಟಗಿನ ಮನುಷ್ಯ, ಟಿಕೆಟ್ ಇಲ್ಲದೆ ಬಸ್ ಹತ್ತುವ ಪೈಕಿ ಅಲ್ಲ.

"ಖಾನಾವಳಿ ಯಾರ ಹೆಸರಿಲೆ ಇರ್ತದ ಅಂತ ಮೊದಲ ಹೇಳ್ಲಿ ಅಂವ," ಎಂದರು ವೈನಿ. "ಆಮ್ಯಾಲ ನೋಡೂಣು."

"ಅದನ್ನ ಅಂವ ಹೇಳಾಂವ ಅದಾನ, ಮುಂದಿನ ಎಪಿಸೋಡಿನ್ಯಾಗ."

"ನೀವು ಮುಂದಿಂದು ನೋಡೀರೇನು?"

"ಇಲ್ಲ, ದೇವರಾಣಿ ಇಲ್ಲ!" ಎಂದು ಪಾರೀಸಣ್ಣ ಎರಡೂ ಕೈ ಎತ್ತಿದರು. ಎಲ್ಲರೂ ನಕ್ಕರು. ಅಲಿಶಾ ಮುಂದಿನ ಕಂತು ಹಾಕಿದಳು. ಶುರುವಿನಲ್ಲೇ ಖಾನಾವಳಿಯಲ್ಲಿ ದೊಡ್ಡ ತಾಟಿನ ತುಂಬ ಮೀನು ಬಂತು. ಪಾರೀಸಣ್ಣ ಕಣ್ಣು ಮುಚ್ಚಿಕೊಂಡು, ಮುಗಿದಾಗ ಹೇಳಿರಿ ಎಂದು ಕೂತರು.